ಕಳೆದು ಕೂಡುವ ಸೊಗಸು

ವೈದ್ಯವಿಜ್ಞಾನದ ಪ್ರಬಂಧಗಳನ್ನು ರುಚಿಗಾಗಿ ಓದುವವರು ಕಡಿಮೆ. ಪರೀಕ್ಷೆಗೆಂದು ಓದುವವರಿದ್ದಾರೆ. ಮನೆಯಲ್ಲಿ ಯಾರಿಗೋ ಕಾಯಿಲೆಯೆಂದು ರಾತ್ರಿಯೆಲ್ಲ ಮೊಬೈಲು ಹಿಡಿದು ಗಾಬರಿಯಿಂದ ಓದುವವರಿದ್ದಾರೆ. ಕಾಲು ಚಾಚಿ ಕೂತು, ಎಷ್ಟು ಚೆನ್ನಾಗಿ ಕಟ್ಟಿದ್ದಾರಲ್ಲ ಎಂದು ತಲೆದೂಗುತ್ತ ಓದುವವರನ್ನು ನಾನು ಹೆಚ್ಚು ಕಂಡಿಲ್ಲ. ಪ್ರಯೋಗಕ್ಕೂ ಒಂದು ಬಂಧ ಇರುತ್ತದೆ, ಎಲ್ಲಿ ನಿಲ್ಲಿಸಬೇಕೆಂಬ ವಿವೇಕ ಇರುತ್ತದೆ, ಅದನ್ನು ಕಂಡು ಹಿಗ್ಗುವುದಕ್ಕೆ ವಿಜ್ಞಾನಿಯೇ ಆಗಬೇಕಿಲ್ಲ. ಅಂಥ ಒಂದು ಪ್ರಯೋಗ 1995ರಲ್ಲಿ ‘ಜರ್ನಲ್ ಆಫ್ ಇಮ್ಯುನಾಲಜಿ’ಯಲ್ಲಿ ಅಚ್ಚಾಯಿತು. ಮಾಡಿದವರು ಜಪಾನಿನ ಶಿಮೊನ್ ಸಕಾಗುಚಿ ಮತ್ತು ಸಂಗಡಿಗರು. ಮೂವತ್ತು ವರ್ಷಗಳ ಮೇಲೆ, 2025ರ ಅಕ್ಟೋಬರ್ 6ರಂದು, ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಘೋಷಣೆಯಾದಾಗ ಸಕಾಗುಚಿಯ ಜೊತೆಗೆ ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಹೆಸರುಗಳಿದ್ದವು. ಪ್ರಶಸ್ತಿಯ ಸುದ್ದಿ ಹಳತಾಗುತ್ತದೆ. ಪ್ರಯೋಗ ಹಳತಾಗಿಲ್ಲ, ಈಗಲೂ ಗರಿಗರಿಯಾಗಿದೆ.

ಅದರ ಸೊಗಸು ತಿಳಿಯಬೇಕಾದರೆ ಮೊದಲು ತೊಡಕು ತಿಳಿಯಬೇಕು. ನಮ್ಮ ಮೈಯಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿವೆ. ಅವು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ, ಪಳಗುವುದು ಎದೆಮೂಳೆಯ ಹಿಂದೆ ಇರುವ ಥೈಮಸ್ ಗ್ರಂಥಿಯಲ್ಲಿ. ಒಂದೊಂದು ಕೋಶವೂ ಹೊರಮೈಯಲ್ಲಿ ತನ್ನದೇ ಆಕಾರದ ಗ್ರಾಹಕವನ್ನು ಹೊತ್ತಿರುತ್ತದೆ. ಆ ಆಕಾರ ಯಾರೂ ಯೋಚಿಸಿ ಕೊಟ್ಟದ್ದಲ್ಲ, ಜೀನ್ ತುಣುಕುಗಳು ಅಡ್ಡಾದಿಡ್ಡಿ ಬೆರೆತು ಹುಟ್ಟಿದ್ದು. ಹಾಗಿರುವುದರಿಂದಲೇ ಈ ತನಕ ಲೋಕದಲ್ಲೇ ಇರದ ವೈರಸ್ಸೊಂದು ನಾಳೆ ಬಂದರೂ ಅದನ್ನು ಹಿಡಿಯಬಲ್ಲ ಕೋಶ ಎಲ್ಲೋ ಒಂದು ಇರುತ್ತದೆ. ಹಾಗಿರುವುದರಿಂದಲೇ ನಮ್ಮ ಥೈರಾಯ್ಡನ್ನೋ ಕೀಲನ್ನೋ ಚರ್ಮಕ್ಕೆ ಬಣ್ಣ ಕೊಡುವ ಕೋಶವನ್ನೋ ಹಿಡಿಯಬಲ್ಲದ್ದೂ ಹುಟ್ಟುತ್ತದೆ. ಅಂಥವು ಮೇಲುಗೈಯಾದಾಗ ಬರುವ ಕಾಯಿಲೆಗಳು ನಮಗೇನೂ ಅಪರಿಚಿತವಲ್ಲ. ತೊನ್ನು, ಆಮವಾತ, ಮಕ್ಕಳಿಗೆ ಬಂದು ಜೀವನಪೂರ್ತಿ ಇನ್ಸುಲಿನ್ ಚುಚ್ಚಿಸಿಕೊಳ್ಳುವಂತೆ ಮಾಡುವ ಟೈಪ್ 1 ಸಕ್ಕರೆ ಕಾಯಿಲೆ, ಲೂಪಸ್. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗುವ ನಮ್ಮ ಮನೆಯ ಹೆಂಗಸರಲ್ಲಿ ಅನೇಕರ ಚೀಟಿಯಲ್ಲಿ ಹಶಿಮೊಟೊ ಎಂಬ ಹೆಸರಿರುತ್ತದೆ. 1912ರಲ್ಲಿ ಆ ಕಾಯಿಲೆಯನ್ನು ವರ್ಣಿಸಿದ ಹಕಾರು ಹಶಿಮೊಟೊ ಕೂಡ ಜಪಾನಿನ ವೈದ್ಯ.

ದೇಹ ತನ್ನ ಮೇಲೆ ತಾನೇ ಕೈಮಾಡಲು ಹೇಸುತ್ತದೆ ಎಂದು ಜರ್ಮನಿಯ ಪಾಲ್ ಎರ್ಲಿಕ್ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಹೇಳಿದ್ದರು. ಹೇಸುತ್ತದೆ ಸರಿ, ಹೇಗೆ? 1960ರ ನೊಬೆಲ್ ಪಡೆದ ಬರ್ನೆಟ್ ಮತ್ತು ಮೆಡವಾರ್, ಸಹನೆ ಎಂಬುದು ದೇಹ ಕಲಿತು ಪಡೆದದ್ದು ಎಂದು ತೋರಿಸಿದರು. ಎಂಬತ್ತರ ದಶಕದ ಹೊತ್ತಿಗೆ ಕಲಿಕೆಯ ಜಾಗವೂ ಗೊತ್ತಾಯಿತು. ಥೈಮಸ್ಸಿನೊಳಗೆ ಸ್ವಂತ ಮೈಯನ್ನು ಬಿಗಿಯಾಗಿ ಹಿಡಿಯುವ ಕೋಶಗಳು ಅಲ್ಲಿಯೇ ಸಾಯುತ್ತವೆ. ಲೆಕ್ಕ ಮುಗಿಯಿತು ಎಂದು ಬಹುಮಂದಿ ಪುಸ್ತಕ ಮುಚ್ಚಿದರು. ಆದರೆ ಯಾವ ಕಾಯಿಲೆಯೂ ಇಲ್ಲದವರ ರಕ್ತವನ್ನು ಸೋಸಿದರೂ ಸ್ವಂತ ಅಂಗಗಳನ್ನು ಹಿಡಿಯಬಲ್ಲ ಟಿ ಕೋಶಗಳು ಸಿಗುತ್ತವೆ. ತಪ್ಪಿಸಿಕೊಂಡು ಬಂದ ಈ ಕೋಶಗಳು ವರ್ಷಗಟ್ಟಲೆ ಏಕೆ ಸುಮ್ಮನಿರುತ್ತವೆ? ಈ ಪ್ರಶ್ನೆ ಕೇಳಿದವರೂ ಹಲವರು, ಕೈಬಿಟ್ಟವರೂ ಹಲವರು. ಸಕಾಗುಚಿ ಬಿಡಲಿಲ್ಲ.

ಕಥೆಯ ಬೀಜ ಇರುವುದು ಅವರಿಗಿಂತ ಹಿಂದೆ, 1969ರಲ್ಲಿ. ನಗೊಯಾ ನಗರದ ಐಚಿ ಕ್ಯಾನ್ಸರ್ ಕೇಂದ್ರದಲ್ಲಿ ಯಸುಆಕಿ ನಿಶಿಜುಕಾ ಮತ್ತು ತೆರುಯೊ ಸಕಕುರ ಎಂಬಿಬ್ಬರು ಹೆಣ್ಣಿಲಿ ಮರಿಗಳ ಥೈಮಸ್ ಗ್ರಂಥಿಯನ್ನು ತೆಗೆಯುತ್ತಿದ್ದರು. ಹುಟ್ಟಿದ ಮೂರನೆಯ ದಿನ ತೆಗೆದರೆ ಮರಿ ಬೆಳೆಯುತ್ತಿತ್ತು, ಆದರೆ ಅಂಡಾಶಯ ಹಾಳಾಗುತ್ತಿತ್ತು. ಒಂದು ವಾರ ಕಳೆದ ಮೇಲೆ ತೆಗೆದರೆ ಏನೂ ಆಗುತ್ತಿರಲಿಲ್ಲ. ಮೂರು ದಿನದ ಇಲಿಮರಿ ಎಂದರೆ ಕಣ್ಣು ಬಿಡದ, ಕೂದಲು ಬಾರದ, ಕಡಲೆಕಾಯಿಗಿಂತ ಸ್ವಲ್ಪ ದೊಡ್ಡದಾದ ಜೀವ. ಅದರ ಎದೆ ಬಿಡಿಸಿ, ಗ್ರಂಥಿಯನ್ನು ಹೊರತೆಗೆದು, ಬದುಕಿಸಿ, ತಾಯಿಯ ಬಳಿ ಮರಳಿ ಬಿಡುವ ಕೈಚಳಕವನ್ನು ನೆನೆದೇ ನಾನು ಆ ಪ್ರಬಂಧವನ್ನು ಓದುವುದು. ಥೈಮಸ್ಸಿನಿಂದ ಅಂಡಾಶಯಕ್ಕೆ ಬೇಕಾದ ಏನೋ ರಸ ಬರುತ್ತಿರಬೇಕು ಎಂಬುದು ಮೊದಲ ಊಹೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಡಾಶಯದ ತುಂಬ ನುಗ್ಗಿ ಬಂದ ಬಿಳಿಕಣಗಳು. ಮರಿಯ ಮೈ ತನ್ನ ಅಂಡಾಶಯವನ್ನು ತಾನೇ ತಿನ್ನುತ್ತಿತ್ತು.

ಇಲ್ಲೊಂದು ವಿಚಿತ್ರ ಇದೆ. ಟಿ ಕೋಶಗಳನ್ನು ಕಳುಹಿಸುವ ಗ್ರಂಥಿಯನ್ನೇ ತೆಗೆದ ಮೇಲೆ ದಾಳಿ ಕಡಿಮೆಯಾಗಬೇಕು ತಾನೆ? ಹೆಚ್ಚಾಯಿತು. ಇದರ ಗುಟ್ಟು ಬಿಡಿಸಿದ್ದು ಬಹಳ ಕಾಲದ ನಂತರ. ಮದುವೆ ಮನೆಗೆ ಮೊದಲ ಬಸ್ಸಿನಲ್ಲಿ ಜಗಳಗಂಟ ಹುಡುಗರು ಬಂದಿಳಿದಿದ್ದಾರೆ, ಅವರನ್ನು ಗದರಿಸಿ ಕೂರಿಸಬೇಕಾದ ಸೋದರಮಾವ ಎರಡನೆಯ ಬಸ್ಸಿಗೆ ಬರುವವರು. ಮೊದಲ ಬಸ್ಸು ಬಂದ ಕೂಡಲೇ ಸೇತುವೆ ಕುಸಿದರೆ ಏನಾಗುತ್ತದೋ ಆ ಮರಿಗಳಲ್ಲಿ ಆದದ್ದೂ ಅದೇ. ದಾಳಿಮಾಡಬಲ್ಲ ಕೋಶಗಳು ಥೈಮಸ್ಸಿನಿಂದ ಮೊದಲು ಹೊರಡುತ್ತವೆ. ತಡೆಯುವ ಕೋಶಗಳು ಹೊರಡುವುದು ಮೂರನೆಯ ದಿನದ ಆಸುಪಾಸಿನಿಂದ. ವಾರ ಕಳೆದ ಮೇಲೆ ತೆಗೆದರೆ ಎರಡೂ ಬಗೆಯವು ಆಗಲೇ ಊರು ಸೇರಿರುತ್ತವೆ.

1951ರಲ್ಲಿ ಶಿಗಾ ಪ್ರಾಂತ್ಯದ ನಗಹಾಮಾದಲ್ಲಿ ಹುಟ್ಟಿದ ಸಕಾಗುಚಿ, ಕ್ಯೋಟೊ ವಿಶ್ವವಿದ್ಯಾಲಯದಿಂದ 1976ರಲ್ಲಿ ವೈದ್ಯ ಪದವಿ ಪಡೆದು, ಈ ಇಲಿಗಳ ಬೆನ್ನು ಹತ್ತಿ ನಗೊಯಾಗೆ ಬಂದು ನಿಶಿಜುಕಾ ಬಳಿ ಸೇರಿದರು. 1982ರ ಹೊತ್ತಿಗೆ ಅವರ ಕೈಗೆ ಮೊದಲ ಎಳೆ ಸಿಕ್ಕಿತ್ತು. ಥೈಮಸ್ ತೆಗೆದ ಮರಿಗೆ ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಕೊಟ್ಟರೆ ಅಂಡಾಶಯ ಉಳಿಯುತ್ತಿತ್ತು. ಅಂದರೆ ಸಾಮಾನ್ಯ ಇಲಿಯ ಟಿ ಕೋಶಗಳ ರಾಶಿಯಲ್ಲೇ ತಡೆಯುವ ಯಾವುದೋ ಒಂದು ಜಾತಿ ಅಡಗಿದೆ. ಯಾವುದು? ಅದಕ್ಕೆ ಗುರುತೇನು?

ಆ ಪ್ರಶ್ನೆ ಕೇಳಲು ಆ ಕಾಲಕ್ಕಿಂತ ಕೆಟ್ಟ ಕಾಲ ಇನ್ನೊಂದಿರಲಿಲ್ಲ. 1970ರಲ್ಲಿ ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಗೆರ್ಶನ್, ಟಿ ಕೋಶಗಳಲ್ಲಿ ಕೆಲವು ಉಳಿದವನ್ನು ಅದುಮುತ್ತವೆ ಎಂದು ಹೇಳಿ ಒಂದು ಹೊಸ ಕ್ಷೇತ್ರವನ್ನೇ ಎಬ್ಬಿಸಿದ್ದರು. ಹತ್ತು ವರ್ಷ ಅದರದೇ ಮಾತು. ಅದುಮುವ ಕೋಶವನ್ನು ಅದುಮುವ ಕೋಶ, ಅದನ್ನು ಕೆರಳಿಸುವ ಇನ್ನೊಂದು ಎಂದು ನಕ್ಷೆಗಳು ಬೆಳೆಯುತ್ತ ಹೋದವು. ಇವಕ್ಕೆಲ್ಲ ಗುರುತು ಕೊಡುವ ಐ-ಜೆ ಎಂಬ ಜೀನ್ ಇಲಿಯ ಇಂಥ ವರ್ಣತಂತುವಿನ ಇಂಥ ಜಾಗದಲ್ಲಿದೆ ಎಂದೂ ಸಾರಲಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಡಿಎನ್‌ಎ ಓದುವ ವಿದ್ಯೆ ಬಂದು ಆ ಜಾಗವನ್ನು ತೆರೆದು ನೋಡಿದರೆ ಅಲ್ಲಿ ಅಂಥ ಜೀನೇ ಇಲ್ಲ! ಇಷ್ಟು ನಿಚ್ಚಳವಾದ ಮುಖಭಂಗ ವಿಜ್ಞಾನದಲ್ಲಿ ಅಪರೂಪ. ಅದುಮುವ ಕೋಶ ಎಂದರೆ ಸಭೆಯಲ್ಲಿ ಜನ ನಗುವಂತಾಯಿತು. ಅನುದಾನ ಬತ್ತಿತು. ಚಾಣಾಕ್ಷರೆಲ್ಲ ಬೇರೆ ವಿಷಯ ಹಿಡಿದರು. ಜನ ಮೂಗು ಮುರಿದದ್ದನ್ನು ನಾನು ತಪ್ಪು ಎನ್ನಲಾರೆ. ಸುಳ್ಳು ಜೀನ್ ನಂಬಿ ಹತ್ತು ವರ್ಷ ಕಳೆದವರು ಮತ್ತೆ ನಂಬಲು ಹಿಂಜರಿಯುವುದು ಸಹಜ. ಸಕಾಗುಚಿಯ ಬಳಿ ಸಿದ್ಧಾಂತ ಇರಲಿಲ್ಲ, ಇಲಿ ಇತ್ತು. ಕೋಶ ತೆಗೆದರೆ ಕಾಯಿಲೆ ಬರುತ್ತಿತ್ತು, ಕೊಟ್ಟರೆ ನಿಲ್ಲುತ್ತಿತ್ತು. ಕಣ್ಣಾರೆ ಕಂಡದ್ದನ್ನು ಬಿಡಲಾರದೆ ಜಪಾನಿನಲ್ಲೂ ಅಮೆರಿಕದಲ್ಲೂ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಅದೇ ಪ್ರಶ್ನೆಯನ್ನು ಹೊತ್ತು ಅಲೆದರು. 1985ರಲ್ಲಿ ಒರಟಾದ ಒಂದು ಗುರುತು ಸಿಕ್ಕಿತು. ಅದರಲ್ಲಿ ಬೇಕಾದವೂ ಬೇಡವಾದವೂ ಸೇರಿಬರುತ್ತಿದ್ದವು. ಹದವಾದ ಗುರುತು ಸಿಗಲು ಇನ್ನೂ ಹತ್ತು ವರ್ಷ ಬೇಕಾಯಿತು.

ಈಗ 1995ರ ಪ್ರಯೋಗಕ್ಕೆ ಬರೋಣ. ಇಲ್ಲಿ ಆತುರ ಬೇಡ.

ಒಂದು ಆರೋಗ್ಯವಂತ ಇಲಿ. ಯಾವ ಲಸಿಕೆಯನ್ನೂ ಕೊಟ್ಟಿಲ್ಲ, ಯಾವ ರೋಗವೂ ಇಲ್ಲ. ಅದರ ಗುಲ್ಮದಿಂದ, ದುಗ್ಧಗ್ರಂಥಿಗಳಿಂದ ಟಿ ಕೋಶಗಳನ್ನು ಬಿಡಿಸಿ ತೆಗೆದರು. ಅವುಗಳಲ್ಲಿ ಸಹಾಯಕ ಜಾತಿಯವನ್ನು ಸಿಡಿ4 ಎಂಬ ಗುರುತಿನಿಂದ ಹಿಡಿಯಬಹುದು. ಈ ಸಿಡಿ4 ಕೋಶಗಳಲ್ಲಿ ಸುಮಾರು ನೂರಕ್ಕೆ ಹತ್ತರ ಮೈಮೇಲೆ ಸಿಡಿ25 ಎಂಬ ಇನ್ನೊಂದು ಗುರುತೂ ಇರುತ್ತದೆ. ಆ ಹತ್ತನ್ನು ಮಾತ್ರ ಪ್ರತಿಕಾಯದಿಂದ ಗುರುತಿಸಿ ಕೊಂದರು. ಉಳಿದ ತೊಂಬತ್ತನ್ನು ‘ನ್ಯೂಡ್’ ಇಲಿ ಎಂಬ ಜಾತಿಗೆ ಚುಚ್ಚಿದರು. ನ್ಯೂಡ್ ಇಲಿಗೆ ಮೈಮೇಲೆ ಕೂದಲಿಲ್ಲ, ಒಳಗೆ ಥೈಮಸ್ ಇಲ್ಲ, ಆದ್ದರಿಂದ ಸ್ವಂತದ ಟಿ ಕೋಶವಿಲ್ಲ. ಖಾಲಿ ಮನೆ. ಈ ಮನೆಗೆ ಈಗ ಹೊಕ್ಕದ್ದು ಆರೋಗ್ಯವಂತ ಇಲಿಯ ಕೋಶಗಳು, ಅದೂ ಅದೇ ತಳಿಯವು. ಹೊರಗಿನಿಂದ ಏನನ್ನೂ ಸೇರಿಸಿಲ್ಲ, ವಿಷ ಹಾಕಿಲ್ಲ, ಜೀನ್ ತಿದ್ದಿಲ್ಲ. ಹತ್ತನೆಯ ಒಂದು ಭಾಗ ಕಡಿಮೆ ಮಾಡಿದ್ದಾರೆ, ಅಷ್ಟೆ.

ಆ ಇಲಿಗಳೆಲ್ಲ ಕಾಯಿಲೆ ಬಿದ್ದವು. ಒಂದೇ ಕಾಯಿಲೆಯಲ್ಲ. ಥೈರಾಯ್ಡ್ ಊದಿತು, ಜಠರದ ಒಳಪದರ ಕೆಟ್ಟಿತು, ಇನ್ಸುಲಿನ್ ಸುರಿಸುವ ಕೋಶಗಳ ಗುಂಪಿಗೆ ಬಿಳಿಕಣ ನುಗ್ಗಿದವು, ಜೊಲ್ಲು ಗ್ರಂಥಿ, ಅಂಡಾಶಯ, ಮೂತ್ರಪಿಂಡ, ಕೀಲು ಎಲ್ಲ ಕಡೆ ಉರಿಯೂತ. ನಮ್ಮ ಆಸ್ಪತ್ರೆಗಳಲ್ಲಿ ಬೇರೆಬೇರೆ ಬಾಗಿಲಿನ ಮುಂದೆ ಬೇರೆಬೇರೆ ಡಾಕ್ಟರಿಗಾಗಿ ಕಾಯುವ ರೋಗಿಗಳ ಕಾಯಿಲೆಗಳೆಲ್ಲ ಒಂದೇ ಪಂಜರದಲ್ಲಿ ಕಾಣಿಸಿಕೊಂಡವು. ಇವಕ್ಕೆಲ್ಲ ಎಲ್ಲೋ ಆಳದಲ್ಲಿ ಒಂದೇ ತಡೆ ಇದೆ ಎಂಬ ಮಾತನ್ನು ಇದಕ್ಕಿಂತ ಕಡಿಮೆ ಸಾಮಗ್ರಿಯಲ್ಲಿ ಹೇಳುವುದು ಹೇಗೆಂದು ನನಗೆ ಹೊಳೆಯುವುದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ಅದು ಒಳ್ಳೆಯ ಪ್ರಬಂಧವಾಗುತ್ತಿತ್ತು, ದೊಡ್ಡದಾಗುತ್ತಿರಲಿಲ್ಲ. ಕೋಶ ತೆಗೆಯುವಾಗ ಇನ್ನೇನೋ ಕೆಟ್ಟಿರಬಹುದು, ಪ್ರತಿಕಾಯವೇ ಏನೋ ಮಾಡಿರಬಹುದು ಎಂದು ಯಾರಾದರೂ ಕೊಕ್ಕೆ ಹಾಕಬಹುದಿತ್ತು. ಐ-ಜೆ ಗಾಯ ಇನ್ನೂ ಮಾಯದ ಕಾಲ ಅದು. ಅದಕ್ಕೆ ಉತ್ತರವೆಂಬಂತೆ ತೆಗೆದದ್ದನ್ನೇ ಮರಳಿ ಹಾಕಿದರು. ಸಿಡಿ25 ಹೊತ್ತ ಕೋಶಗಳನ್ನು ಅದೇ ಇಲಿಗಳಿಗೆ ಕೊಟ್ಟರು, ಕಾಯಿಲೆ ಬರಲಿಲ್ಲ. ಹೆಚ್ಚು ಕೊಟ್ಟಷ್ಟೂ ರಕ್ಷಣೆ ಹೆಚ್ಚು, ಕಡಿಮೆ ಕೊಟ್ಟರೆ ಕಡಿಮೆ. ನನಗೆ ಎಲ್ಲಕ್ಕಿಂತ ಹಿಡಿಸಿದ ವಿವರ ಇನ್ನೊಂದು. ಮರಳಿ ಕೊಡುವುದಕ್ಕೆ ಒಂದು ಗಡುವು ಇದೆ. ಮೊದಲ ಕೆಲವು ದಿನಗಳೊಳಗೆ ಕೊಟ್ಟರೆ ಉಂಟು, ತಡಮಾಡಿದರೆ ಇಲ್ಲ. ಮದ್ದಿಗೂ ಹೊತ್ತುಗೊತ್ತು ಇದೆಯೆಂಬ ಈ ಸಣ್ಣ ಸಂಗತಿ 1969ರ ಮೂರನೆಯ ದಿನದ ಮರಿಗಳನ್ನೂ ಥಟ್ಟನೆ ನೆನಪಿಗೆ ತರುತ್ತದೆ. ಇಷ್ಟರ ಜೊತೆಗೆ, ಆ ಹತ್ತನೆಯ ಭಾಗ ಇಲ್ಲದ ಇಲಿಗಳು ಬೇರೆ ತಳಿಯ ಚರ್ಮವನ್ನು ಕಸಿ ಮಾಡಿದರೆ ಇನ್ನೂ ಬಿರುಸಾಗಿ ಹೊರಹಾಕುತ್ತವೆ ಎಂದೂ ತೋರಿಸಿದರು. ತಡೆ ಸ್ವಂತ ಅಂಗಕ್ಕಷ್ಟೇ ಸೀಮಿತವಲ್ಲ, ಇಡೀ ವ್ಯವಸ್ಥೆಯ ವೇಗಕ್ಕೇ ಅದು ಕಡಿವಾಣ.

ಪ್ರಬಂಧದ ಎರಡನೆಯ ಹೆಸರು ನೊರಿಕೊ ಸಕಾಗುಚಿ, ಶಿಮೊನ್ ಅವರ ಪತ್ನಿ.

ಸಿಡಿ25 ಎಂಬ ಗುರುತಿನಲ್ಲೂ ಒಂದು ವ್ಯಂಗ್ಯ ಅಡಗಿತ್ತು. ಅದು ಇಂಟರ್‌ಲ್ಯೂಕಿನ್-2 ಎಂಬ ರಸವನ್ನು ಹಿಡಿಯುವ ಗ್ರಾಹಕದ ಒಂದು ಭಾಗ. ಆ ರಸವೋ ಟಿ ಕೋಶಗಳನ್ನು ಬೆಳೆಸಲು ಪ್ರಯೋಗಾಲಯದವರು ಸುರಿಯುತ್ತಿದ್ದ ಪುಷ್ಟಿ. ಅದಿಲ್ಲದ ಇಲಿ ದುರ್ಬಲವಾಗಬೇಕು ಎಂದುಕೊಂಡು ಜೀನ್ ಕಿತ್ತು ನೋಡಿದವರಿಗೆ ತೊಂಬತ್ತರ ದಶಕದ ಆರಂಭದಲ್ಲಿ ಸಿಕ್ಕಿದ್ದು ತನ್ನ ಕರುಳನ್ನು ತಾನೇ ಸುಡುವ ಇಲಿ. ಯಾರಿಗೂ ಅರ್ಥವಾಗಲಿಲ್ಲ. ತಡೆಯುವ ಕೋಶಗಳೇ ಆ ರಸಕ್ಕೆ ಬಾಯ್ದೆರೆದು ಕೂತಿರುವವು, ರಸ ಇಲ್ಲದಿದ್ದರೆ ಮೊದಲು ಬಾಡುವವೂ ಅವೇ ಎಂದು ತಿಳಿದ ಮೇಲೆ ಆ ಒಗಟು ತಾನಾಗಿ ಬಿಡಿಸಿಕೊಂಡಿತು.

ಇದೆಲ್ಲ ಜಪಾನಿನ ಕಥೆ. ಅಮೆರಿಕದ ಕಥೆಯ ಆರಂಭ 1949ರಲ್ಲಿ, ಟೆನೆಸಿಯ ಓಕ್ ರಿಜ್ ಪ್ರಯೋಗಾಲಯದಲ್ಲಿ. ಅಣುಬಾಂಬಿನ ಯೋಜನೆಯ ಬೆನ್ನಿಗೇ ವಿಕಿರಣ ಜೀವಿಗಳಿಗೆ ಏನು ಮಾಡುತ್ತದೆಂದು ನೋಡಲು ಅಲ್ಲಿ ಇಲಿಗಳನ್ನು ಸಾಕುತ್ತಿದ್ದರು. ಅವುಗಳಲ್ಲಿ ವಿಕಿರಣದ ಹಂಗಿಲ್ಲದೆ, ತಾನಾಗಿ, ಚರ್ಮ ಹೊಟ್ಟೆದ್ದು ಸುಲಿಯುವ ಗಂಡು ಮರಿಗಳು ಹುಟ್ಟಿದವು. ಗುಲ್ಮ ಊದಿ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಹೆಸರು ‘ಸ್ಕರ್ಫಿ’. ತಾಯಿಗೆ ಏನೂ ಆಗದೆ ಗಂಡುಮಕ್ಕಳಿಗೇ ತಗಲುವ ಕಾರಣ ದೋಷ ಎಕ್ಸ್ ವರ್ಣತಂತುವಿನಲ್ಲಿದೆ ಎಂದು ಗೊತ್ತಿತ್ತು. ಎಲ್ಲಿ ಎಂದು ಗೊತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ವಾಷಿಂಗ್ಟನ್ ರಾಜ್ಯದ ಬಾತೆಲ್ ಎಂಬ ಊರಿನ ಒಂದು ಔಷಧ ಕಂಪನಿಯಲ್ಲಿ ಬ್ರಂಕೋ ಮತ್ತು ರಾಮ್ಸ್‌ಡೆಲ್ ಹುಡುಕಲು ಕೂತರು. ಇಲಿಯ ಎಕ್ಸ್ ವರ್ಣತಂತುವಿನಲ್ಲಿ ಸುಮಾರು 17 ಕೋಟಿ ಅಕ್ಷರಗಳು. ಅದನ್ನು ಜರಡಿ ಹಿಡಿದು ಹಿಡಿದು ಸುಮಾರು 5 ಲಕ್ಷಕ್ಕೆ ಇಳಿಸಿದರು. ಅಲ್ಲಿ ಜೀನ್ ಇರಬಹುದಾದ ಜಾಗಗಳು 20. ಒಂದೊಂದನ್ನೇ ಆರೋಗ್ಯವಂತ ಇಲಿಯದರೊಂದಿಗೆ ಹೋಲಿಸುತ್ತ ಬಂದರು. ದೋಷ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ. ಕಾದಂಬರಿಯಲ್ಲಿ ಹೀಗೆ ಬರೆದರೆ ಸಂಪಾದಕರು ನಂಬುವುದಿಲ್ಲ. ಎರಡೇ ಎರಡು ಅಕ್ಷರ ಹೆಚ್ಚಿಗೆ ಸೇರಿಕೊಂಡು ಮುಂದಿನದೆಲ್ಲ ತಪ್ಪಾಗಿ ಓದಿಸಿಕೊಳ್ಳುತ್ತಿತ್ತು.

ಆ ಜೀನಿಗೆ ಫಾಕ್ಸ್‌ಪಿ3 ಎಂದು ಹೆಸರಾಯಿತು. ಗಂಡುಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಸಕ್ಕರೆ ಕಾಯಿಲೆ, ನಿಲ್ಲದ ಭೇದಿ, ಇಸುಬು ಎಲ್ಲ ಒಟ್ಟಿಗೆ ಬರುವ ಐಪೆಕ್ಸ್ ಎಂಬ ಅಪರೂಪದ ಕಾಯಿಲೆಗೂ ಮನುಷ್ಯರಲ್ಲಿ ಇದೇ ಜೀನಿನ ದೋಷ ಕಾರಣವೆಂದು 2001ರಲ್ಲಿ ಪ್ರಕಟವಾಯಿತು. ಓಕ್ ರಿಜ್‌ನ ಮರಿಗಳಿಗೂ ಈ ಹಸುಳೆಗಳಿಗೂ ನಂಟು ಸಿಕ್ಕಿತು. ಸಕಾಗುಚಿ ಬಳಸಿದ ನ್ಯೂಡ್ ಇಲಿಯಲ್ಲಿ ಕೆಟ್ಟಿರುವ ಜೀನಿನ ಹೆಸರು ಫಾಕ್ಸ್‌ಎನ್1, ಅದೇ ಫಾಕ್ಸ್ ಕುಟುಂಬದ್ದು. ಕಾಕತಾಳೀಯ ಎಂದು ಗೊತ್ತಿದ್ದೂ ಇಂಥದ್ದು ಕಂಡರೆ ಖುಷಿಯಾಗುತ್ತದೆ.

ಎರಡು ಕಥೆಗಳು ಕೂಡಿದ್ದು 2003ರಲ್ಲಿ. ಸಕಾಗುಚಿಯ ಗುಂಪು, ಅಲೆಕ್ಸಾಂಡರ್ ರುಡೆನ್ಸ್‌ಕಿಯ ಗುಂಪು, ರಾಮ್ಸ್‌ಡೆಲ್ ಗುಂಪು, ಮೂರೂ ಅದೇ ವರ್ಷ ಒಂದೇ ಮಾತು ಹೇಳಿದವು. ಸಿಡಿ25 ಹೊತ್ತ ಆ ತಡೆಯುವ ಕೋಶಗಳನ್ನು ತಡೆಯುವ ಕೋಶಗಳಾಗಿ ಮಾಡುವುದೇ ಫಾಕ್ಸ್‌ಪಿ3. ಅಲ್ಲಿಂದ ‘ನಿಯಂತ್ರಕ ಟಿ ಕೋಶ’ ಎಂದರೆ ಸಭೆಯಲ್ಲಿ ಯಾರೂ ನಗಲಿಲ್ಲ. 2017ರಲ್ಲಿ ಸ್ವೀಡನ್ನಿನ ಕ್ರಾಫೋರ್ಡ್ ಪ್ರಶಸ್ತಿ ಸಕಾಗುಚಿ, ರಾಮ್ಸ್‌ಡೆಲ್, ರುಡೆನ್ಸ್‌ಕಿ ಮೂವರಿಗೆ ಬಂತು. ನೊಬೆಲ್ಲಿನಲ್ಲಿ ರುಡೆನ್ಸ್‌ಕಿ ಇಲ್ಲ, ಬ್ರಂಕೋ ಇದ್ದಾರೆ. ಕ್ರಾಫೋರ್ಡ್ ಮರೆತ ಬ್ರಂಕೋಗೆ ನ್ಯಾಯ ಸಿಕ್ಕಿದ್ದು ಸಂತೋಷ. ಮೂವರಿಗಿಂತ ಹೆಚ್ಚು ಮಂದಿಗೆ ಕೊಡುವಂತಿಲ್ಲ ಎಂಬ ನೊಬೆಲ್ ನಿಯಮ ಹಳೆಯ ಕಾಲದ್ದು, ಈ ಕಾಲದ ವಿಜ್ಞಾನಕ್ಕೆ ಹೊಂದುವುದಿಲ್ಲ ಎಂಬುದು ನನ್ನ ತಕರಾರು. ಫೋನು ಬಂದಾಗ ಬ್ರಂಕೋ ಸ್ವೀಡನ್ನಿನ ನಂಬರು ಕಂಡು ಯಾವುದೋ ಬೇಡದ ಕರೆ ಎಂದು ಬಿಟ್ಟರಂತೆ. ರಾಮ್ಸ್‌ಡೆಲ್ ಬೆಟ್ಟಗಾಡಿನಲ್ಲಿ ಫೋನು ಮುಚ್ಚಿಟ್ಟು ಅಲೆಯುತ್ತಿದ್ದರು.

ಈ ಕೋಶಗಳು ತಡೆಯುವ ಬಗೆಯೂ ಸವಿಯತಕ್ಕದ್ದು. ಹೊಡೆದು ಕೊಲ್ಲುವುದಕ್ಕಿಂತ ಹೆಚ್ಚಾಗಿ ಇವು ಎದುರಾಳಿಯ ಸವಲತ್ತು ಕಸಿಯುತ್ತವೆ. ಸುತ್ತಲಿನ ಇಂಟರ್‌ಲ್ಯೂಕಿನ್-2 ರಸವನ್ನು ತಾವೇ ಹೀರಿ ಉಳಿದವರನ್ನು ಉಪವಾಸ ಕೆಡವುತ್ತವೆ. ದಾಳಿಗೆ ಹುರಿದುಂಬಿಸುವ ಕೋಶಗಳ ಮೈಮೇಲಿನ ಪ್ರಚೋದಕ ಅಣುಗಳನ್ನು ಸಿಟಿಎಲ್‌ಎ-4 ಎಂಬ ಕೊಕ್ಕೆಯಿಂದ ಕಿತ್ತು ಒಳಗೆ ನುಂಗಿಬಿಡುತ್ತವೆ. ಇದೇ ಚಾಳಿ ಕ್ಯಾನ್ಸರಿನಲ್ಲಿ ಮುಳುವಾಗುತ್ತದೆ. ಗಡ್ಡೆಗಳು ನಿಯಂತ್ರಕ ಕೋಶಗಳನ್ನು ಸುತ್ತ ಕೂಡಿಸಿಕೊಂಡು ಅವುಗಳ ಮರೆಯಲ್ಲಿ ಬೆಳೆಯುತ್ತವೆ. ಹೀಗಾಗಿ ಒಂದೇ ಕೋಶವನ್ನು ಆಮವಾತದ ವೈದ್ಯರು ಹೆಚ್ಚಿಸಲು ನೋಡುತ್ತಾರೆ, ಕ್ಯಾನ್ಸರ್ ವೈದ್ಯರು ಕಡಿಮೆ ಮಾಡಲು.

ಮದ್ದಿನ ಮಾತು ಬಂದರೆ ಉತ್ಸಾಹಕ್ಕೆ ಸ್ವಲ್ಪ ಲಗಾಮು ಬೇಕು. ಇಂಟರ್‌ಲ್ಯೂಕಿನ್-2ನ್ನು ತೀರ ಕಡಿಮೆ ಪ್ರಮಾಣದಲ್ಲಿ ಕೊಟ್ಟು ನಿಯಂತ್ರಕ ಕೋಶಗಳನ್ನಷ್ಟೇ ಪೋಷಿಸುವ ಯತ್ನ ಲೂಪಸ್ ರೋಗಿಗಳಲ್ಲಿ ನಡೆದಿದೆ. ಟೈಪ್ 1 ಸಕ್ಕರೆ ಕಾಯಿಲೆಯವರ ರಕ್ತದಿಂದ ಈ ಕೋಶಗಳನ್ನು ಆಯ್ದು, ಹೊರಗೆ ಬೆಳೆಸಿ, ಅವರಿಗೇ ಮರಳಿ ಕೊಟ್ಟ ಪ್ರಯೋಗವೂ ಆಗಿದೆ. ಅಪಾಯವಿಲ್ಲ ಎಂದು ಕಂಡಿದೆ, ಗುಣವಾಯಿತು ಎನ್ನುವಂತಿಲ್ಲ. ಇಲಿಗೆ ಗಡುವಿನೊಳಗೆ ಕೊಡಬಹುದು. ಮನುಷ್ಯ ಆಸ್ಪತ್ರೆಗೆ ಬರುವ ಹೊತ್ತಿಗೆ ಇನ್ಸುಲಿನ್ ಕೋಶಗಳು ಬಹುಪಾಲು ಹೋಗಿರುತ್ತವೆ. 1995ರ ಆ ಸಣ್ಣ ವಿವರ ಇಲ್ಲಿ ದೊಡ್ಡ ಅಡ್ಡಗೋಡೆಯಾಗಿ ನಿಂತಿದೆ. ಕಾಯಿಲೆ ಮೊಳೆಯುವ ಮೊದಲೇ ಹಿಡಿಯುವ ದಾರಿ ಸಿಗದೆ ಇದು ಸಲೀಸಾಗುತ್ತದೆಂದು ನನಗೆ ಅನ್ನಿಸುವುದಿಲ್ಲ. ನೊಬೆಲ್ ಘೋಷಣೆಯಾದ ದಿನಕ್ಕೂ, ದೇಹ ತನ್ನನ್ನೇ ತಿನ್ನುವ ಕಾಯಿಲೆಗಳಲ್ಲಿ ಯಾವುದಕ್ಕೂ ನಿಯಂತ್ರಕ ಕೋಶಗಳನ್ನೇ ಮದ್ದಾಗಿ ಕೊಡುವ ಪರವಾನಗಿ ಸಿಕ್ಕಿರಲಿಲ್ಲ.

ಫಾಕ್ಸ್‌ಪಿ3 ಇಲ್ಲದಿದ್ದರೆ ಈ ಕೋಶಗಳನ್ನು ಜಗತ್ತು ಒಪ್ಪುತ್ತಿರಲಿಲ್ಲ ಎಂದು ಬಲ್ಲವರು ಹೇಳುತ್ತಾರೆ, ನಿಜವಿರಬಹುದು. ಆದರೂ ಇಪ್ಪತ್ತನೆಯ ಜೀನಿನ ಬೆರಗು ಒಂದು ಸಲದ್ದು. ಹತ್ತನೆಯ ಒಂದು ಭಾಗವನ್ನು ಕಳೆದು ಮತ್ತೆ ಕೂಡಿದ ಪ್ರಯೋಗವನ್ನು ಎಷ್ಟು ಸಲ ಓದಿದರೂ ನನಗೆ ಹೊಸದು. ನಮ್ಮ ವೈದ್ಯಕೀಯ ಕಾಲೇಜುಗಳ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ: ನಿಯಂತ್ರಕ ಟಿ ಕೋಶದ ಪಾಠ ಬಂದಾಗ ಪಠ್ಯಪುಸ್ತಕದ ಆ ನಾಲ್ಕು ಸಾಲನ್ನು ಬರೆಸಿ ಮುಗಿಸಬೇಡಿ. ಜರ್ನಲ್ ಆಫ್ ಇಮ್ಯುನಾಲಜಿಯ 155ನೆಯ ಸಂಪುಟದ 1151ನೆಯ ಪುಟ ತೆಗೆದು, ಒಂದು ಗಂಟೆ, ವಿದ್ಯಾರ್ಥಿಗಳೊಂದಿಗೆ ಕೂತು ಓದಿ.